ಅಂಗೈಯಗಲದ ಬೋರ್ಡಿಗೆ ನಾವೇಕೆ ಅಡವಾಗಬೇಕು?



ಕರೆಂಟು ತೆಗೆದು, ನಿಮ್ಮ ಪಂಪ್‌ಮನೆಯ ಸ್ಟಾರ್ಟರ್ ಪೆಟ್ಟಿಗೆಯ ಬಾಗಿಲು ಒಮ್ಮೆ ತೆರೆದು ನೋಡಿ. ಒಳಗಿರುವ ಸಾಮಾನಿನಲ್ಲಿ ಹೆಚ್ಚಿನದು ನಮಗೆ ಪರಿಚಯದ್ದೇ. ಫ್ಯೂಸು ಹೋದರೆ ತಂತಿ ಕಟ್ಟಿಕೊಳ್ಳುತ್ತೇವೆ. ಕಾಂಟ್ಯಾಕ್ಟರಿನ ಪಾಯಿಂಟು ಕಪ್ಪಾದರೆ ಉಜ್ಜಿಕೊಳ್ಳುತ್ತೇವೆ. ಮೋಟಾರು ಸುಟ್ಟರೆ ಹೊತ್ತುಕೊಂಡು ಹೋಗಿ ವೈಂಡಿಂಗ್ ಕಟ್ಟಿಸುತ್ತೇವೆ. ಯಾರು ಚೆನ್ನಾಗಿ ಕಟ್ಟುತ್ತಾರೆ, ಯಾರು ತಾಮ್ರದಲ್ಲಿ ಮೋಸ ಮಾಡುತ್ತಾರೆ ಅನ್ನೋದೂ ನಮಗೆ ಗೊತ್ತು. ಆದರೆ ಅದೇ ಪೆಟ್ಟಿಗೆಯ ಮೂಲೆಯಲ್ಲಿ ಅಂಗೈಯಗಲದ ಒಂದು ಹಲಗೆ ಕೂತಿದೆಯಲ್ಲ, ಅದರ ಮುಂದೆ ಮಾತ್ರ ಕೈಕಟ್ಟಿ ನಿಲ್ಲುತ್ತೇವೆ. "ಬೋರ್ಡು ಹೋಗಿದೆ" ಅಂತ ಅಂಗಡಿಯವನು ಒಂದು ಮಾತು ಅಂದರೆ ಮುಗಿಯಿತು. ಅದರಲ್ಲಿ ಏನು ಹೋಗಿದೆ, ಯಾಕೆ ಹೋಗಿದೆ ಎಂದು ನಾವು ಕೇಳುವುದಿಲ್ಲ. ಕೇಳಿದರೆ ಹೇಳಲು ಅವನಿಗೂ ಗೊತ್ತಿಲ್ಲ. ಅವನು ಹೇಳಿದ್ದೇ ರೇಟು, ನಾವು ತೆತ್ತದ್ದೇ ದುಡ್ಡು.

ನಾವು ಬೆಳೆದ ಮಾಲಿಗೂ ರೇಟು ಹೇಳುವವನು ಇನ್ನೊಬ್ಬ, ನಾವು ಕೊಳ್ಳುವ ಮಾಲಿಗೂ ರೇಟು ಹೇಳುವವನು ಇನ್ನೊಬ್ಬ. ಇದು ಹಳೆಯ ನೋವು. ಈ ಬೋರ್ಡಿನ ವಿಷಯದಲ್ಲಿ ಅನ್ಯಾಯ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. ಸಾಲ ಮಾಡಿ, ಪೂರ್ತಿ ಬೆಲೆ ತೆತ್ತು ಕೊಂಡ ಮೇಲೂ ವಸ್ತು ನಮ್ಮದಾಗುವುದಿಲ್ಲ. ಅದನ್ನು ಬಿಚ್ಚಬಾರದು, ಅರಿಯಬಾರದು, ಕೆಟ್ಟರೆ ಅವರಲ್ಲಿಗೇ ಓಡಬೇಕು. ಇದಕ್ಕೆ ಮದ್ದೊಂದಿದೆ. ಬೋರ್ಡನ್ನು ಬಿಚ್ಚಿ ಓದುವ, ಓದಿದ್ದನ್ನು ಕಾಗದಕ್ಕೆ ಇಳಿಸುವ, ಬೇಕಾದರೆ ಅದೇ ಬೋರ್ಡನ್ನು ಕೈಯಲ್ಲೇ ಮತ್ತೊಮ್ಮೆ ಮಾಡುವ ವಿದ್ಯೆ ಅದು. ಪೇಟೆಯವರು ಇದನ್ನು ರಿವರ್ಸ್ ಇಂಜಿನಿಯರಿಂಗ್ ಎನ್ನುತ್ತಾರೆ. ಹೆಸರು ದೊಡ್ಡದು, ಕೆಲಸ ನಮ್ಮ ಊರಿನ ಹುಡುಗರ ಕೈಗೆ ನಿಲುಕುವಂಥದ್ದು. ಈ ವಿದ್ಯೆ ಪ್ರತಿ ಹೋಬಳಿಯಲ್ಲೂ ಇರಬೇಕು ಎಂಬುದೇ ನನ್ನ ವಾದ.

ಬರೀ ಬಾಯಿಮಾತಲ್ಲ, ಕಂಡದ್ದನ್ನು ಹೇಳುತ್ತೇನೆ. ಹೋದ ಬೇಸಿಗೆಯಲ್ಲಿ ನಮ್ಮ ಪಕ್ಕದ ತೋಟದವರು ಒಂದೂವರೆ ಎಕರೆಗೆ ಟೊಮ್ಯಾಟೊ ಹಾಕಿದ್ದರು. ಗಿಡ ಹೂವು, ಪೀಚು ಹಿಡಿದು ನಿಂತ ಹೊತ್ತಿಗೆ ಸರಿಯಾಗಿ ಸ್ಟಾರ್ಟರ್ ನಿಂತಿತು. ಮೋಟಾರು ಚೆನ್ನಾಗಿದೆ, ಬೋರಿನಲ್ಲಿ ನೀರಿದೆ, ಲೈನಿನಲ್ಲಿ ಮೂರೂ ಫೇಸಿದೆ. ಬೋರ್ಡು ಮಾತ್ರ ಸತ್ತಿದೆ. ಪಟ್ಟಣದ ಅಂಗಡಿಯಲ್ಲಿ, "ಈ ಮಾಡೆಲ್ ನಿಂತುಹೋಗಿದೆ, ಬರೀ ಬೋರ್ಡು ಸಿಗೋಲ್ಲ, ಪೂರ್ತಿ ಪ್ಯಾನಲ್ ಬದಲಾಯಿಸಿ" ಎಂದರು. ಬೆಳೆ ಸಾಲದ ದುಡ್ಡು ಗೊಬ್ಬರಕ್ಕೆ, ಔಷಧಿಗೆ, ಕಡ್ಡಿ ದಾರಕ್ಕೆ ಆಗಲೇ ಮುಗಿದಿತ್ತು. ಉಳಿದದ್ದು ಕೈಸಾಲ ಒಂದೇ. ಅದರ ಬಡ್ಡಿ ಹೇಗಿರುತ್ತದೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಆಗ ಮೋಟಾರು ವೈಂಡಿಂಗ್ ಅಂಗಡಿಯಲ್ಲಿ ಕೆಲಸಕ್ಕಿದ್ದ ಐಟಿಐ ಓದಿದ ಹುಡುಗ, "ಕೊಡಿ ಅಣ್ಣಾ, ನೋಡ್ತೀನಿ" ಅಂದ. ರಿಲೇ ಕೂತ ಜಾಗದಲ್ಲಿ ಹಲಗೆಯೇ ಕರಕಲಾಗಿತ್ತು. ಕರಕಲಾದ ಕಡೆ ಹಲಗೆಯ ಮೈಮೇಲೇ ಕರೆಂಟು ಹರಿಯುತ್ತದೆ. ಅಲ್ಲಿ ತೇಪೆ ಹಚ್ಚುವಂತಿಲ್ಲ. ಆತ ಗೆರೆಗಳನ್ನೆಲ್ಲ ಕಾಗದಕ್ಕೆ ಇಳಿಸಿಕೊಂಡು, ಅದೇ ಅಳತೆಯ ಹೊಸ ಹಲಗೆ ಮಾಡಿ, ಸುಡದೆ ಉಳಿದ ಸಾಮಾನನ್ನು ಅದಕ್ಕೆ ಕೂರಿಸಿ, ಹೊಸ ರಿಲೇ ಹಾಕಿ ನಾಲ್ಕನೇ ದಿನ ಸಂಜೆ ಮೋಟಾರು ಎಬ್ಬಿಸಿದ. ಆ ನಾಲ್ಕು ದಿನ ನಮ್ಮ ಬೋರಿನಿಂದ ರಾತ್ರಿ ಪಾಳಿಯಲ್ಲಿ ಅವರಿಗೆ ನೀರು ಬಿಟ್ಟೆವು. ಒಂದಿಷ್ಟು ಹೂವು ಉದುರಿತು, ತೋಟ ಉಳಿಯಿತು. ಕೈಸಾಲವೊಂದು ತಪ್ಪಿತು.

ಒಳಗೆ ಇರುವುದಾದರೂ ಏನು?

ಬೋರ್ಡು ಎಂದರೆ ಹೆದರಬೇಡಿ. ಅದೊಂದು ಸಣ್ಣ ನೀರಾವರಿ. ಹಲಗೆಯ ಮೇಲೆ ಅಂಟಿಸಿದ ತೆಳ್ಳನೆಯ ತಾಮ್ರದ ಗೆರೆಗಳೇ ಕಾಲುವೆ. ಸಾಮಾನ್ಯವಾಗಿ ಆ ತಾಮ್ರದ ದಪ್ಪ 35 ಮೈಕ್ರಾನ್, ಅಂದರೆ ಒಂದು ಮಿಲಿಮೀಟರಿನಲ್ಲಿ ಸುಮಾರು ಮೂವತ್ತನೇ ಒಂದು ಪಾಲು. ಆ ಕಾಲುವೆಗಳ ನಡುವೆ ಕೂತ ರೆಸಿಸ್ಟರು, ಡಯೋಡು, ಕೆಪಾಸಿಟರುಗಳು ತೂಬು, ಕಟ್ಟೆ, ತೊಟ್ಟಿಗಳ ಹಾಗೆ. ತಾಮ್ರವನ್ನು ಹಲಗೆಗೆ ಅಂಟಿಸಿ, ಬೇಡದ್ದನ್ನು ಕರಗಿಸಿ ತೆಗೆದು ಗೆರೆ ಉಳಿಸಿಕೊಳ್ಳುವ ಈ ವಿಧಾನವನ್ನು ಪಾಲ್ ಐಸ್ಲರ್ ಎಂಬ ಆಸ್ಟ್ರಿಯಾದ ಇಂಜಿನಿಯರು 1936ರ ಸುಮಾರಿಗೆ ಲಂಡನ್ನಿನಲ್ಲಿ ರೇಡಿಯೋ ಕಟ್ಟುವುದಕ್ಕೆ ಬಳಸಿ ತೋರಿಸಿದ. ಇಂದಿಗೂ ಕೈಕೆಲಸದ ಮೂಲ ಅದೇ.

ನಮ್ಮ ಸ್ಟಾರ್ಟರಿನ ಹಳೆಯ ಮಾದರಿ ಬೋರ್ಡು ಮಾಡುವ ಕೆಲಸ ಎರಡೇ ಮೂರು. ಮೂರು ಫೇಸಿನಲ್ಲಿ ಒಂದು ಹೋದರೆ ಮೋಟಾರನ್ನು ನಿಲ್ಲಿಸಬೇಕು. ಇಲ್ಲದಿದ್ದರೆ ಉಳಿದೆರಡು ಫೇಸಿನಲ್ಲಿ ಕರೆಂಟು ಏರಿ ವೈಂಡಿಂಗ್ ಸುಡುತ್ತದೆ. ಬೋರಿನಲ್ಲಿ ನೀರು ಮುಗಿದರೆ ಮೋಟಾರು ಎಳೆಯುವ ಕರೆಂಟು ಇಳಿಯುತ್ತದೆ. ಅದನ್ನು ಕಂಡು ನಿಲ್ಲಿಸಬೇಕು. ಕರೆಂಟು ಬಂದಾಗ ಒಂದಷ್ಟು ಹೊತ್ತು ತಡೆದು ತಾನೇ ಹತ್ತಿಸಬೇಕು. ಇಷ್ಟಕ್ಕೆ ಬೇಕಾದದ್ದು ಕರೆಂಟನ್ನು ಇಳಿಸುವ ಸಣ್ಣ ಟ್ರಾನ್ಸ್‌ಫಾರ್ಮರು, ಅದನ್ನು ನೇರ ಮಾಡುವ ಡಯೋಡುಗಳು, 12 ವೋಲ್ಟಿಗೆ ಕಟ್ಟಿ ನಿಲ್ಲಿಸುವ 7812 ಎಂಬ ಮೂರು ಕಾಲಿನ ರೆಗ್ಯುಲೇಟರು, ಎರಡು ವೋಲ್ಟೇಜನ್ನು ತೂಗಿ ನೋಡುವ ಎಲ್‌ಎಂ 324 ಥರದ ಒಂದು ಐಸಿ, ಮತ್ತೊಂದು ರಿಲೇ. ಒಂದೊಂದು ಕಂಪನಿಯದು ಒಂದೊಂದು ಥರ ಇರಬಹುದು, ಹೂರಣ ಹೆಚ್ಚುಕಡಿಮೆ ಇದೇ. ಈ ಐಸಿಗಳು 1970ರ ದಶಕದ ಸಾಮಾನು. ಅವುಗಳ ಯಾವ ಕಾಲು ಯಾವ ಕೆಲಸಕ್ಕೆ ಎಂಬ ವಿವರವನ್ನು ತಯಾರಕರೇ ಅಚ್ಚು ಹಾಕಿ ಎಲ್ಲರಿಗೂ ಕೊಟ್ಟಿದ್ದಾರೆ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಬಿಡಿಬಿಡಿಯಾಗಿ ಸಿಗುತ್ತವೆ. ಡಯೋಡು, ರೆಸಿಸ್ಟರಿನಂಥವು ಚಿಲ್ಲರೆ ಕಾಸಿಗೆ ಬರುತ್ತವೆ. ಹಾಗಾದರೆ ನಾವು ತೆರುವ ದುಡ್ಡು ಯಾವುದಕ್ಕೆ? ಒಂದು ಪಾಲು ಸಾಮಾನಿಗೆ, ಒಂದು ಪಾಲು ಕೆಲಸಕ್ಕೆ. ಉಳಿದದ್ದು ನಮ್ಮ ಅರಿಯದಿರುವಿಕೆಗೆ.

ಕೈಯಲ್ಲಿ ಮಾಡುವ ಕ್ರಮ

ಮೊದಲು ಎಚ್ಚರಿಕೆ. ಪಂಪ್‌ಸೆಟ್ಟಿನ ಲೈನು 415 ವೋಲ್ಟಿನದು, ಆಟದ ಸಾಮಾನಲ್ಲ. ಮೇನ್ ತೆಗೆದು, ಫ್ಯೂಸು ಕೈಯಲ್ಲಿ ಹಿಡಿದುಕೊಂಡೇ ಬೋರ್ಡು ಬಿಚ್ಚಬೇಕು. ಕೆಪಾಸಿಟರಿನಲ್ಲಿ ಉಳಿದ ಕರೆಂಟನ್ನು ಇಳಿಸಿದ ಮೇಲೆಯೇ ಬೆರಳು ಮುಟ್ಟಿಸಬೇಕು.

ಬಿಚ್ಚುವ ಮೊದಲು ಎರಡೂ ಮಗ್ಗುಲಿನ ಫೋಟೋ ಹೊಡೆದುಕೊಳ್ಳಿ. ಯಾವ ವೈರು ಎಲ್ಲಿಗೆ ಎಂದು ಚೀಟಿ ಕಟ್ಟಿ. ಪ್ರತಿ ಸಾಮಾನಿನ ಮೇಲಿನ ನಂಬರು, ಡಯೋಡಿನ ಪಟ್ಟಿ ಯಾವ ಕಡೆಗಿದೆ, ಕೆಪಾಸಿಟರಿನ ಮೈನಸ್ ಯಾವ ಕಡೆ, ಐಸಿಯ ಕಚ್ಚು ಯಾವ ಕಡೆ, ಎಲ್ಲವನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ. ನೆನಪಿನ ಮೇಲೆ ಬಿಡಬೇಡಿ. ಆಮೇಲೆ ಬೆಸುಗೆ ಕರಗಿಸಿ ಸಾಮಾನು ತೆಗೆಯಬೇಕು. ಬರಿದಾದ ಹಲಗೆಯನ್ನು ಬೆಳಕಿಗೆ ಹಿಡಿದರೆ ಗೆರೆಗಳು ಕಾಣುತ್ತವೆ. ಕಂಡದ್ದನ್ನು ಗ್ರಾಫ್ ಹಾಳೆಗೆ ಇಳಿಸಿ. ಸಾಮಾನ್ಯ ಐಸಿಯ ಕಾಲಿನಿಂದ ಕಾಲಿಗೆ 2.54 ಮಿಲಿಮೀಟರು, ಅಂದರೆ ಅಂಗುಲದ ಹತ್ತನೇ ಒಂದು ಭಾಗ, ಆ ಲೆಕ್ಕ ಹಿಡಿದರೆ ಅಳತೆ ತಪ್ಪುವುದಿಲ್ಲ. ಕಣ್ಣಿಗೆ ಕಂಡದ್ದೇ ಸಾಲದು. ಮಲ್ಟಿಮೀಟರನ್ನು ಸದ್ದು ಮಾಡುವ ಸ್ಥಾನಕ್ಕೆ ಇಟ್ಟು, ಒಂದೊಂದು ತೂತಿನಿಂದ ಉಳಿದೆಲ್ಲ ತೂತಿಗೂ ಮುಟ್ಟಿಸಿ ನೋಡಬೇಕು. ಬೇಸರದ ಕೆಲಸ ನಿಜ, ಆದರೆ ಕಳೆ ಕೀಳುವುದಕ್ಕಿಂತ ಬೇಸರದ್ದಲ್ಲ.

ಇಲ್ಲಿಗೆ ಗೆರೆ ಸಿಕ್ಕಿತು. ಗೆರೆ ಸಿಕ್ಕಿದ ಮಾತ್ರಕ್ಕೆ ಅರ್ಥ ಸಿಕ್ಕಂತಾಗಲಿಲ್ಲ. ಕುರುಡು ನಕಲು ಮಾಡಿದರೆ ಮೂಲದಲ್ಲಿದ್ದ ತಪ್ಪೂ ನಕಲಾಗುತ್ತದೆ. ಅದಕ್ಕೇ ಹಲಗೆಯ ಗೆರೆಯನ್ನು ಸರ್ಕ್ಯೂಟ್ ನಕ್ಷೆಯಾಗಿ ಬಿಡಿಸಿಕೊಳ್ಳಬೇಕು. ಜಮೀನಿನ ಬದು ಹೇಗೆ ಸೊಟ್ಟಗೆ ಹೋದರೂ ಸರ್ವೆ ನಕ್ಷೆಯಲ್ಲಿ ಯಾವ ನಂಬರಿನ ಪಕ್ಕಕ್ಕೆ ಯಾವ ನಂಬರು ಅಂತ ಸ್ಪಷ್ಟವಾಗಿರುತ್ತದಲ್ಲ, ಹಾಗೆ. ನಕ್ಷೆ ಬಿಡಿಸಿದವನಿಗೆ ರಿಲೇ ಹೋಗುವ ಗೆರೆ ಯಾಕೆ ಸುಟ್ಟಿತು ಎಂಬುದು ತಾನೇ ತಿಳಿಯುತ್ತದೆ: ಕಂಪನಿಯವರು ಅಲ್ಲಿ ತಾಮ್ರ ಉಳಿಸಲು ಗೆರೆ ಸಣ್ಣ ಮಾಡಿದ್ದರೆ, ನಿಮ್ಮ ಹುಡುಗ ಅದನ್ನು ಅಗಲ ಮಾಡಬಹುದು. ಆಗ ನಕಲು ಮೂಲಕ್ಕಿಂತ ಗಟ್ಟಿಯಾಗುತ್ತದೆ.

ಹೊಸ ಹಲಗೆಗೆ ಒಂದು ಮೈಗೆ ತಾಮ್ರ ಹೊದಿಸಿದ ಶೀಟು ಬೇಕು. ಗೆರೆಗಳನ್ನು ಲೇಸರ್ ಪ್ರಿಂಟರಿನಲ್ಲಿ ನುಣುಪು ಕಾಗದದ ಮೇಲೆ ಅಚ್ಚು ಹಾಕಿಸಿ, ಇಸ್ತ್ರಿಪೆಟ್ಟಿಗೆಯಿಂದ ಒತ್ತಿದರೆ ಮಸಿ ತಾಮ್ರಕ್ಕೆ ಹತ್ತುತ್ತದೆ. ಸರಳ ಬೋರ್ಡಾದರೆ ಅಳಿಸದ ಮಾರ್ಕರ್ ಪೆನ್ನಿನಿಂದ ಕೈಯಲ್ಲೇ ಬರೆಯಬಹುದು. ಹೆಚ್ಚಿನವರು ಎಡವುವುದು ಇಲ್ಲೇ: ಸಾಮಾನಿನ ಮಗ್ಗುಲಿನಿಂದ ನೋಡಿದ ಚಿತ್ರವೂ ತಾಮ್ರದ ಮಗ್ಗುಲಿನಿಂದ ನೋಡಿದ ಚಿತ್ರವೂ ಒಂದಕ್ಕೊಂದು ಕನ್ನಡಿಯ ಬಿಂಬ. ಎಡಬಲ ಅದಲುಬದಲಾದರೆ ಐಸಿಯ ಕಾಲುಗಳೆಲ್ಲ ತಲೆಕೆಳಗು. ಎರಡು ಸಲ ನೋಡಿ ಒಂದು ಸಲ ಒತ್ತಿ. ನಂತರ ಫೆರಿಕ್ ಕ್ಲೋರೈಡ್ ದ್ರಾವಣದಲ್ಲಿ ಮುಳುಗಿಸಿದರೆ ಮಸಿ ಇಲ್ಲದ ತಾಮ್ರ ಕರಗಿ, ಗೆರೆ ಉಳಿಯುತ್ತದೆ. ಪ್ಲಾಸ್ಟಿಕ್ ತಟ್ಟೆ ಬಳಸಿ, ಕೈಗವಸು ಹಾಕಿ, ಕಣ್ಣು ಜೋಪಾನ. ಬಳಸಿದ ನೀರನ್ನು ಕಾಲುವೆಗೋ ಕೆರೆಗೋ ಚೆಲ್ಲಬೇಡಿ. ಅದರಲ್ಲಿ ಕರಗಿದ ತಾಮ್ರ ಮೀನಿಗೂ ಮಣ್ಣಿಗೂ ವಿಷ. ಒಂದು ಕ್ಯಾನಿನಲ್ಲಿ ಕೂಡಿಟ್ಟು, ಇಂಥ ಕಸ ತೆಗೆದುಕೊಳ್ಳುವವರಿಗೆ ಒಪ್ಪಿಸಬೇಕು.

ತೂತು ಕೊರೆದು, ಬೆಸುಗೆ ಹಾಕಿದ ಮೇಲೆ ನೇರ ಲೈನಿಗೆ ಕೊಡಬಾರದು. ಮೊದಲು ಬರೀ 12 ವೋಲ್ಟ್ ಕೊಟ್ಟು ರಿಲೇ ಕಟಕ್ ಅನ್ನುತ್ತದೆಯೇ ನೋಡಿ. ಆಮೇಲೆ ಮೋಟಾರಿನ ವೈರು ಬಿಚ್ಚಿಟ್ಟು ಲೈನು ಕೊಟ್ಟು, ಒಂದೊಂದೇ ಫೇಸು ತೆಗೆದು ಬೋರ್ಡು ಹಿಡಿಯುತ್ತದೆಯೇ ಪರೀಕ್ಷಿಸಿ. ಅದಾದ ಮೇಲೆ ಮೋಟಾರು. ಹೆಚ್ಚು ವೋಲ್ಟೇಜಿನ ಗೆರೆಗಳ ನಡುವಣ ಅಂತರವನ್ನು ಮೂಲ ಬೋರ್ಡಿಗಿಂತ ಒಂದು ಕೂದಲೆಳೆಯಷ್ಟೂ ಕಡಿಮೆ ಮಾಡಬಾರದು. ಆ ಖಾಲಿ ಜಾಗವೇ ನಿಮ್ಮ ಪ್ರಾಣ ಕಾಯುವುದು.

ಬೇಲಿ ಇರುವುದು ಎಲ್ಲಿ?

ಎಲ್ಲ ಬೋರ್ಡನ್ನೂ ಹೀಗೆ ಮಾಡಬಹುದು ಎಂದು ನಿಮಗೆ ಸುಳ್ಳು ಹೇಳುವುದಿಲ್ಲ. ಒಂದು ಮಗ್ಗುಲಿನ, ಎರಡು ಮಗ್ಗುಲಿನ ಬೋರ್ಡು ಕೈಗೆ ದಕ್ಕುತ್ತದೆ. ಟ್ರ್ಯಾಕ್ಟರಿನ ಕಂಪ್ಯೂಟರು, ಸೋಲಾರ್ ಪಂಪಿನ ಕಂಟ್ರೋಲರಿನಂಥವಲ್ಲಿ ನಾಲ್ಕಾರು ಪದರ ಇರಬಹುದು. ಒಳಪದರ ನೋಡಲು ಹಲಗೆಯನ್ನೇ ಉಜ್ಜಿ ಸವೆಸಬೇಕು, ನೋಡಿ ಮುಗಿಯುವಷ್ಟರಲ್ಲಿ ಬೋರ್ಡು ಹಾಳು. ಅದಕ್ಕಿಂತ ದೊಡ್ಡ ಬೇಲಿ ಮೈಕ್ರೋಕಂಟ್ರೋಲರ್ ಎಂಬ ಚಿಪ್ಪಿನೊಳಗಿದೆ. ಮೊಬೈಲ್‌ನಿಂದ ಹತ್ತಿಸುವ ಸ್ಟಾರ್ಟರಿನಲ್ಲಿ ಸಿಮ್ ಕಾರ್ಡಿನ ಪಕ್ಕದಲ್ಲಿ ಕೂತಿರುವುದು ಅದೇ. ಅದರೊಳಗಿನ ಪ್ರೋಗ್ರಾಮನ್ನು ಓದದಂತೆ ಬೀಗ ಹಾಕಿಯೇ ಕಳಿಸುತ್ತಾರೆ. ತಾಮ್ರವನ್ನೆಲ್ಲ ನಕಲು ಮಾಡಿದರೂ ಆ ಚಿಪ್ಪು ಖಾಲಿಯಾಗಿದ್ದರೆ ಬೋರ್ಡು ಬರೀ ಹಲಗೆ.

ಇದಕ್ಕೂ ದಾರಿಯಿದೆ, ಜಗತ್ತು ಅದನ್ನು ಕಂಡಿದೆ. 1981ರಲ್ಲಿ ಐಬಿಎಂ ಕಂಪನಿ ತನ್ನ ಪರ್ಸನಲ್ ಕಂಪ್ಯೂಟರನ್ನು ಮಾರುಕಟ್ಟೆಗೆ ತಂದಾಗ ಅದರ ಸರ್ಕ್ಯೂಟ್ ನಕ್ಷೆಯನ್ನೂ ಒಳಗಿನ ಮೂಲ ಪ್ರೋಗ್ರಾಮನ್ನೂ ಕೈಪಿಡಿಯಲ್ಲಿ ಅಚ್ಚು ಹಾಕಿ ಮಾರಿತು. ಆ ಪ್ರೋಗ್ರಾಮನ್ನು ಹಾಗೇ ಎತ್ತಿಕೊಂಡರೆ ಕೃತಿಸ್ವಾಮ್ಯದ ಕಳ್ಳತನ. ಕಾಂಪ್ಯಾಕ್ ಎಂಬ ಹೊಸ ಕಂಪನಿಯವರು ಹಾಗೆ ಮಾಡಲಿಲ್ಲ. ಒಂದು ತಂಡ ಅದನ್ನು ಓದಿ, ಅದು ಏನು ಮಾಡುತ್ತದೆ ಎಂದಷ್ಟೇ ಬರೆದುಕೊಟ್ಟಿತು. ಮೂಲವನ್ನು ಕಣ್ಣಿನಿಂದ ನೋಡದ ಇನ್ನೊಂದು ತಂಡ ಆ ಕೆಲಸ ಮಾಡುವ ಪ್ರೋಗ್ರಾಮನ್ನು ಹೊಸದಾಗಿ ಬರೆಯಿತು. 1982ರ ಕೊನೆಯಲ್ಲಿ ಅವರು ತಮ್ಮ ಯಂತ್ರ ತೋರಿಸಿದರು. ಮುಂದೆ ಊರೂರಿಗೆ ಅಗ್ಗದ ಕಂಪ್ಯೂಟರು ಬಂದದ್ದು ಈ ದಾರಿಯಲ್ಲೇ. ನಮ್ಮ ಸ್ಟಾರ್ಟರು ಕಂಪ್ಯೂಟರಿನಷ್ಟು ಜಟಿಲವಲ್ಲ. ಫೇಸು ನೋಡು, ಕರೆಂಟು ನೋಡು, ಇಷ್ಟು ಹೊತ್ತು ತಡೆ, ಹತ್ತಿಸು, ನಿಲ್ಲಿಸು. ಇಷ್ಟನ್ನು ಹೊಸದಾಗಿ ಬರೆಯಬಲ್ಲ ಡಿಪ್ಲೊಮಾ ಓದಿದ ಮಕ್ಕಳು ನಮ್ಮ ಹಳ್ಳಿಗಳಲ್ಲೇ ಕೆಲಸವಿಲ್ಲದೆ ಕೂತಿಲ್ಲವೇ?

ಇನ್ನೊಂದು ಬೇಲಿ ಸ್ವಲ್ಪ ನಗು ತರಿಸುವಂಥದ್ದು. ಕೆಲವರು ಬೋರ್ಡಿನ ಮೇಲೆ ಕಪ್ಪು ಅಂಟು ಸುರಿದು ಮುಚ್ಚುತ್ತಾರೆ, ಐಸಿಯ ನಂಬರು ಉಜ್ಜಿ ಅಳಿಸುತ್ತಾರೆ. ತೇವ, ಇರುವೆ, ಹಲ್ಲಿಯಿಂದ ಕಾಪಾಡಲು ಅಂಟು ಬೇಕು ಎಂದರೆ ಒಪ್ಪೋಣ. ನಂಬರು ಅಳಿಸಿದರೆ ಯಾವ ಹಲ್ಲಿ ತಪ್ಪುತ್ತದೆ, ಸ್ವಾಮೀ? ಎದುರಾಳಿ ಕಂಪನಿಯ ಹತ್ತಿರ ಎಕ್ಸ್‌ರೇ ಯಂತ್ರವಿದೆ. ಅವನನ್ನು ಇದು ತಡೆಯುವುದಿಲ್ಲ. ತಡೆಯುವುದು ನಮ್ಮ ಊರಿನ ರಿಪೇರಿ ಹುಡುಗನನ್ನು ಮಾತ್ರ.

ಇದು ಕಳ್ಳತನವೇ?

ಈ ಪ್ರಶ್ನೆ ಬಂದೇ ಬರುತ್ತದೆ, ಉತ್ತರ ಕೊಡೋಣ. ಪೇಟೆಂಟ್ ಇರುವ ವಸ್ತುವನ್ನು ಒಡೆಯನ ಒಪ್ಪಿಗೆಯಿಲ್ಲದೆ ತಯಾರಿಸುವಂತಿಲ್ಲ. ಅದರ ಅವಧಿ 20 ವರ್ಷ. ಇನ್ನೊಬ್ಬರ ಹೆಸರು, ಲೇಬಲ್ಲು ಅಂಟಿಸಿ ಮಾರುವುದು ಅಪ್ಪಟ ಮೋಸ; ಅದರಿಂದ ಮೊದಲು ಸುಡುವುದು ರೈತನ ಮೋಟಾರೇ. ಇವೆರಡನ್ನೂ ನಾನು ಬೆಂಬಲಿಸುವುದಿಲ್ಲ. ಆದರೆ ಬಿಚ್ಚಿ ಅರಿಯುವುದು ಅಪರಾಧವಲ್ಲ. ಚಿಪ್ಪಿನ ವಿನ್ಯಾಸವನ್ನು ಕಾಪಾಡುವ 2000ದ ನಮ್ಮ ದೇಶದ ಕಾಯ್ದೆಯೇ ಪರಿಶೀಲನೆ, ವಿಶ್ಲೇಷಣೆ, ಸಂಶೋಧನೆ, ಬೋಧನೆಗೆ ವಿನಾಯಿತಿ ಕೊಟ್ಟಿದೆ. ಪ್ರೋಗ್ರಾಮು ಹೇಗೆ ಕೆಲಸ ಮಾಡುತ್ತದೆ ಎಂದು ಗಮನಿಸಿ ಅದರ ತತ್ವ ತಿಳಿಯಲು ಕೃತಿಸ್ವಾಮ್ಯ ಕಾಯ್ದೆಯೂ ಅಡ್ಡಿ ಮಾಡುವುದಿಲ್ಲ.

ರೈತರಿಗೆ ಇನ್ನೂ ಹತ್ತಿರದ ಉದಾಹರಣೆ ಇದೆ. 2001ರ ಸಸ್ಯ ತಳಿಗಳ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆಯ ಪ್ರಕಾರ, ನೋಂದಾಯಿತ ತಳಿಯಾದರೂ ಸರಿ, ನಾವು ಬೆಳೆದ ಬೀಜವನ್ನು ಇಟ್ಟುಕೊಳ್ಳಬಹುದು, ಮತ್ತೆ ಬಿತ್ತಬಹುದು, ನೆರೆಯವರಿಗೆ ಕೊಡಬಹುದು, ಮಾರಲೂಬಹುದು. ಬ್ರಾಂಡಿನ ಹೆಸರಲ್ಲಿ ಪ್ಯಾಕೆಟ್ಟು ಮಾಡಿ ಮಾರುವಂತಿಲ್ಲ, ಅಷ್ಟೇ. ತಳಿ ತಯಾರಿಸಿದವನ ಶ್ರಮಕ್ಕೂ ಬೆಲೆ, ಬಿತ್ತುವವನ ಬದುಕಿಗೂ ಬೆಲೆ. ಬೀಜಕ್ಕೆ ಒಪ್ಪಿದ ನ್ಯಾಯ ಬೋರ್ಡಿಗೆ ಯಾಕೆ ಒಪ್ಪಬಾರದು?

ಸರ್ಕಾರಕ್ಕೂ ಈ ಮಾತು ಕೇಳಿಸದೆ ಇಲ್ಲ. 2022ರ ಜುಲೈನಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ರಿಪೇರಿ ಹಕ್ಕಿನ ಬಗ್ಗೆ ಸಮಿತಿ ಮಾಡಿತು. ಕೃಷಿ ಉಪಕರಣವನ್ನೂ ಅದರ ವ್ಯಾಪ್ತಿಗೆ ಸೇರಿಸಿತು. ಅದೇ ಡಿಸೆಂಬರಿನಲ್ಲಿ ಒಂದು ಪೋರ್ಟಲ್ ತೆರೆಯಿತು. ಆದರೆ ಪೋರ್ಟಲ್ ಎಂಬುದು ಕಾಯ್ದೆಯಲ್ಲ; ಕಂಪನಿ ಕೊಟ್ಟಷ್ಟೇ ಅಲ್ಲಿ ಕಾಣುತ್ತದೆ. ಅಮೆರಿಕದ ಕೊಲರಾಡೋ ರಾಜ್ಯದಲ್ಲಿ ರೈತರು ಹಟ ಹಿಡಿದು 2023ರಲ್ಲಿ ಕಾಯ್ದೆಯನ್ನೇ ಮಾಡಿಸಿಕೊಂಡರು. 2024ರ ಜನವರಿ 1ರಿಂದ ಅಲ್ಲಿ ಟ್ರ್ಯಾಕ್ಟರು, ಕಟಾವು ಯಂತ್ರ ತಯಾರಿಸುವವರು ಕೈಪಿಡಿ, ಬಿಡಿಭಾಗ, ರಿಪೇರಿ ಸಾಧನಗಳನ್ನು ರೈತರಿಗೂ ಹೊರಗಿನ ಮೆಕ್ಯಾನಿಕ್ಕುಗಳಿಗೂ ಒದಗಿಸಬೇಕು. ಸಾವಿರಾರು ಎಕರೆಯ ಒಡೆಯರಿಗೇ ಈ ಕಾಯ್ದೆ ಬೇಕಾಯಿತು. ಎರಡು ಎಕರೆಯವನಿಗೆ ಬೇಡವೇ?

"ಇಷ್ಟೆಲ್ಲ ಯಾಕಪ್ಪಾ, ಹೊಸದು ತಂದರೆ ಆಯ್ತಲ್ಲ" ಅನ್ನುವವರೂ ಇದ್ದಾರೆ. ಅವರ ಮಾತಲ್ಲೂ ಹುರುಳಿದೆ. ಹೊಸ ಬೋರ್ಡು ನ್ಯಾಯವಾದ ಬೆಲೆಗೆ, ಅದೇ ದಿನ ಸಿಗುವುದಾದರೆ ಕೊಂಡು ಹಾಕಿಕೊಳ್ಳಿ. ಮೂರು ದಿನ ಕೂತು ನಕಲು ಮಾಡುವುದು ದಡ್ಡತನ. ಗ್ಯಾರಂಟಿ ಇರುವ ಪೆಟ್ಟಿಗೆಯನ್ನು ಬಿಚ್ಚಲೂ ಬೇಡಿ. ಈ ವಿದ್ಯೆ ಬೇಕಾಗುವುದು ಮಾಡೆಲ್ ನಿಂತಾಗ, ಕಂಪನಿ ಮುಚ್ಚಿದಾಗ, ಬರೀ ಬೋರ್ಡು ಕೊಡದೆ ಪೂರ್ತಿ ಪೆಟ್ಟಿಗೆ ಹೊರಿಸಲು ಬಂದಾಗ. ಮತ್ತೊಂದು ಗುಟ್ಟು ಹೇಳುತ್ತೇನೆ: ಊರಲ್ಲಿ ಮಾಡಬಲ್ಲವನೊಬ್ಬ ಇದ್ದಾನೆ ಎಂದು ಗೊತ್ತಾದರೆ ಸಾಕು, ಅಂಗಡಿಯವನ ರೇಟು ತಾನೇ ಇಳಿಯುತ್ತದೆ.

ಈಗ ಮಾಡಬೇಕಾದ್ದು

ಒಂದು: ಹೋಬಳಿಗೆ ಇಬ್ಬರು ಹುಡುಗರನ್ನೋ ಹುಡುಗಿಯರನ್ನೋ ಗುರುತಿಸಿ. ಸೋಲ್ಡರಿಂಗ್ ಕಡ್ಡಿ, ಮಲ್ಟಿಮೀಟರು, ಸಣ್ಣ ಡ್ರಿಲ್ಲು, ಒಂದು ಮೇಜು, ಇಷ್ಟನ್ನು ಹತ್ತು ಜನ ರೈತರು ಸೇರಿ ಕೊಡಿಸಬಹುದು. ಮಾಡಿದ ಕೆಲಸಕ್ಕೆ ಅವರಿಗೆ ಸರಿಯಾದ ಕೂಲಿ ಕೊಡಿ. ನಮ್ಮ ಬೆವರಿಗೆ ಬೆಲೆ ಕೇಳುವ ನಾವು ಅವರ ಬೆವರಿಗೆ ಚೌಕಾಶಿ ಮಾಡಬಾರದು.

ಎರಡು: ಬಿಡಿಸಿದ ಪ್ರತಿ ನಕ್ಷೆಯೂ ಒಂದು ಕಟ್ಟಿನಲ್ಲಿ ಉಳಿಯಲಿ. ಯಾವ ಮಾದರಿ, ಯಾವ ಸಾಮಾನು, ಏನು ಕೆಟ್ಟಿತ್ತು ಎಂದು ಬರೆದಿಡಲಿ. ಪಕ್ಕದ ಊರಿನವರು ಕೇಳಿದರೆ ಕೊಡಿ. ಬಿತ್ತನೆ ಬೀಜ ಕೇಳಿ ಬಂದವರನ್ನು ನಮ್ಮ ಹಿರಿಯರು ಬರಿಗೈಯಲ್ಲಿ ಕಳಿಸುತ್ತಿರಲಿಲ್ಲ.

ಮೂರು: ಹೊಸ ಸ್ಟಾರ್ಟರು ಕೊಳ್ಳುವಾಗ ಮೂರು ಮಾತು ಕೇಳಿ. ಬರೀ ಬೋರ್ಡು ಸಿಗುತ್ತದೆಯೇ, ಎಷ್ಟು ವರ್ಷ ಸಿಗುತ್ತದೆ, ಸರ್ಕ್ಯೂಟ್ ನಕ್ಷೆ ಕೊಡುತ್ತೀರಾ? ಒಬ್ಬನೇ ಕೇಳಿದರೆ ನಗುತ್ತಾರೆ. ಇಪ್ಪತ್ತು ಜನ ಒಟ್ಟಿಗೆ ಹೋಗಿ ಕೇಳಿದರೆ ಕುರ್ಚಿ ಹಾಕುತ್ತಾರೆ.

ನಾಲ್ಕು: ಸರ್ಕಾರದ ಸಹಾಯಧನ ಸೇರಿದ ಪ್ರತಿ ಪಂಪು, ಪ್ರತಿ ಕಂಟ್ರೋಲರಿನ ಜೊತೆಗೆ ಸರ್ಕ್ಯೂಟ್ ನಕ್ಷೆ, ಬಿಡಿಭಾಗದ ಪಟ್ಟಿ ಕೊಡುವುದು ಕಡ್ಡಾಯವಾಗಬೇಕು ಎಂದು ಗ್ರಾಮಸಭೆಯಲ್ಲಿ ಠರಾವು ಮಾಡಿ ಕಳಿಸಿ. ಅದು ನಮ್ಮದೇ ತೆರಿಗೆಯ ದುಡ್ಡು. ನಮ್ಮ ದುಡ್ಡಿನಲ್ಲಿ ಕೊಂಡ ಪೆಟ್ಟಿಗೆಯ ಬೀಗದ ಕೈ ಇನ್ನೊಬ್ಬನ ಜೇಬಿನಲ್ಲಿರುವುದು ಯಾವ ನ್ಯಾಯ?

ಐಬಿಎಂನಂಥ ಕಂಪನಿ ನಕ್ಷೆ ಅಚ್ಚು ಹಾಕಿ ಕೊಟ್ಟೂ ಮುಳುಗಲಿಲ್ಲ. ನಮ್ಮ ಪಂಪಿನ ಪೆಟ್ಟಿಗೆ ಮಾರುವವರೂ ಮುಳುಗುವುದಿಲ್ಲ. ಬರುವ ಬೇಸಿಗೆಗೆ ಇನ್ನೂ ಸಮಯವಿದೆ. ಮೊದಲ ಮೇಜು ಯಾವ ಊರಿನಲ್ಲಿ, ಮೊದಲ ಹುಡುಗ ಯಾರು ಎಂಬುದನ್ನು ಈ ವಾರದ ಸಭೆಯಲ್ಲೇ ತೀರ್ಮಾನಿಸಿ.